ಚಪ್ಪಡಿ ಕಲ್ಲಿನ ಕೆಳಗೊಂದು ಮೀಸೆ ಮೀನು: ಟೆನೆಸ್ಸೀಯ ತೊರೆಗಳಲ್ಲಿ ಆರು ದಿನ

ಮ್ಯಾಡ್‌ಟಾಮ್ ಎಂಬ ಪುಟ್ಟ ಮೀಸೆ ಮೀನುಗಳ ಗುಂಪಿಗೆ ಸೇರಿದ ಸ್ಮೋಕಿ ಮ್ಯಾಡ್‌ಟಾಮ್ ಎಷ್ಟೇ ಬೆಳೆದರೂ ಏಳು ಸೆಂಟಿಮೀಟರ್ ಆಸುಪಾಸು. ಹಗಲೆಲ್ಲ ಚಪ್ಪಡಿ ಕಲ್ಲಿನಡಿ ಅಡಗಿದ್ದು ಕತ್ತಲಾದ ಮೇಲೆ ಹೊರಬರುವ ಈ ಮೀಸೆ ಮೀನಿಗೆ ಉಳಿದಿರುವ ಸಹಜ ನೆಲೆ ಒಂದೇ ತೊರೆ, ಅಮೆರಿಕದ ಟೆನೆಸ್ಸೀ ರಾಜ್ಯದ ಸಿಟಿಕೋ ಕ್ರೀಕ್. ಏಬ್ರಮ್ಸ್ ಕ್ರೀಕ್ ಮತ್ತು ಟೆಲಿಕೋ ನದಿಯಲ್ಲಿ ಇರುವವು ಮನುಷ್ಯರು ಸಾಕಿ ತಂದು ಬಿಟ್ಟ ಮೀನುಗಳ ಸಂತತಿ. ಈ ಮೂರೂ ನೀರುಗಳನ್ನು ಒಂದೇ ಸುತ್ತಿನಲ್ಲಿ ನೋಡಿಬರಲು ಆರು ದಿನ ಬೇಕು. ನಾಲ್ಕು ದಿನದಲ್ಲಿ ಮುಗಿಸುತ್ತೇವೆ ಎಂದು ಹೊರಟವರು ಸಾಮಾನ್ಯವಾಗಿ ಮಳೆಗೆ ಸಿಕ್ಕಿ, ಕದಡಿದ ನೀರು ನೋಡಿ ವಾಪಸಾಗುತ್ತಾರೆ.

ಹೊರಡಲು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗಿನ ಸಮಯ ಒಳ್ಳೆಯದು. ಮೇ ಕೊನೆಯಿಂದ ಜುಲೈವರೆಗೆ ಮೊಟ್ಟೆಯ ಕಾಲ. ಆಗ ನೀರಿಗಿಳಿದರೆ ನಮ್ಮ ಮೊಣಕಾಲು ಯಾವ ಗೂಡಿನ ಮೇಲೆ ಬೀಳುತ್ತದೋ ಹೇಳಲಾಗದು. ನವೆಂಬರ್ ಶುರುವಿನಲ್ಲಿ ನೀರು 7–8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತಿದ್ದಂತೆ ಮೀನುಗಳು ಕೆಲವೇ ದಿನಗಳಲ್ಲಿ ಜಾಗ ಬದಲಾಯಿಸಿ ಆಳವಿಲ್ಲದ ಮಡುಗಳಿಗೆ ಹೋಗುತ್ತವೆ. ಬೇಸಿಗೆಯ ಕೊನೆಯಲ್ಲಿ ನೀರು ಕಡಿಮೆ, ತಿಳಿ. ಮೀನು ಹರಿವಿನಲ್ಲಿರುವ ಕಲ್ಲುಗಳ ಹತ್ತಿರವೇ ಸಿಗುತ್ತದೆ.

ಮೊದಲ ದಿನ: ನಾಕ್ಸ್‌ವಿಲ್

ನಾಕ್ಸ್‌ವಿಲ್‌ನ ವಿಮಾನ ನಿಲ್ದಾಣ ಇರುವುದು ಅಲ್ಕೋವಾ ಎಂಬ ಊರಿನಲ್ಲಿ. ಊರಿಗೆ ಹೆಸರು ಬಂದದ್ದು ಅಲ್ಯೂಮಿನಿಯಂ ಕಂಪನಿಯಿಂದ. ಕಾರ್ಖಾನೆಗೆ ವಿದ್ಯುತ್ ಬೇಕೆಂದು ಅದೇ ಕಂಪನಿ ಲಿಟ್ಲ್ ಟೆನೆಸ್ಸೀ ನದಿಗೆ ಕಟ್ಟಿಸಿದ ಅಣೆಕಟ್ಟುಗಳಲ್ಲಿ ಚಿಲ್ಹೋವಿಯೂ ಒಂದು, 1957ರಲ್ಲಿ ಮುಗಿದದ್ದು. ಮೂರನೆಯ ದಿನ ನೋಡುವುದು ಅದರ ಹಿನ್ನೀರನ್ನೇ. ಅಟ್ಲಾಂಟಾ ಕಡೆಯ ಕನ್ನಡಿಗರು ವಿಮಾನ ಹತ್ತಬೇಕಾಗಿಲ್ಲ, ಕಾರಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಾಕ್ಸ್‌ವಿಲ್.

ಕನ್ಸರ್ವೇಷನ್ ಫಿಶರೀಸ್ ಎಂಬ ಲಾಭರಹಿತ ಸಂಸ್ಥೆ ಇರುವುದು ಈ ಊರಿನಲ್ಲೇ. ಪ್ಯಾಟ್ ರೇಕ್ಸ್ ಮತ್ತು ಜೆ. ಆರ್. ಶೂಟ್ ಕಟ್ಟಿದ ಈ ಸಂಸ್ಥೆಯ ಕೆಲಸ 1986ರಲ್ಲಿ ಇದೇ ಮ್ಯಾಡ್‌ಟಾಮ್‌ಗಳಿಂದ ಶುರುವಾಯಿತು. ಇದು ಟಿಕೆಟ್ ಕೊಟ್ಟು ನೋಡುವ ಮತ್ಸ್ಯಾಲಯವಲ್ಲ. ವಾರಗಳ ಮುಂಚೆಯೇ ಬರೆದು ಕೇಳಿಕೊಂಡಿರಬೇಕು, ಅವರಿಗೆ ಬಿಡುವಿದ್ದರೆ ಮಾತ್ರ ಒಳಗೆ ಪ್ರವೇಶ.

ಅಲ್ಲಿ ಕಲಿಯಬೇಕಾದದ್ದು ಮೊಟ್ಟೆಯ ಪಾಲನೆ. ಮ್ಯಾಡ್‌ಟಾಮ್‌ಗಳಲ್ಲಿ ಬಾಣಂತನವೆಲ್ಲ ಗಂಡಿನದು. ಚಪ್ಪಡಿಯ ಕೆಳಗೆ ಜಲ್ಲಿ ತಳ್ಳಿ ತಟ್ಟೆಯಂಥ ಗುಳಿ ಮಾಡುವುದು, ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಒಂದಕ್ಕೊಂದು ಅಂಟಿಕೊಂಡ ಆ ಮುದ್ದೆಯನ್ನು ಕಾಯುವುದು, ಮೈ ಬಳುಕಿಸಿ ನೀರಾಡಿಸುವುದು ಎಲ್ಲ ಅದರದೇ. ಆ ಕಾಲದಲ್ಲಿ ಗಂಡಿನ ತಲೆ ಅಗಲವಾಗಿ ತುಟಿ ಊದಿಕೊಳ್ಳುತ್ತದೆ. ಸ್ಮೋಕಿಯ ಒಂದು ಗೂಡಿನಲ್ಲಿ ಸರಾಸರಿ 35 ಮೊಟ್ಟೆ. ಅದರ ಜೊತೆಗೇ ಸಿಟಿಕೋದಲ್ಲಿರುವ ಹಳದಿ ರೆಕ್ಕೆಯ ಮ್ಯಾಡ್‌ಟಾಮ್ ಗಾತ್ರದಲ್ಲಿ ದೊಡ್ಡದು, ಮೊಟ್ಟೆಯೂ ಹೆಚ್ಚು. ಸಾವಿರಗಟ್ಟಲೆ ಮೊಟ್ಟೆಯಿಟ್ಟು ಕೈತೊಳೆದುಕೊಳ್ಳುವ ಮೀನುಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದು ಗೂಡು ಹೋದರೆ ಆ ಗಂಡಿನ ವರ್ಷವೇ ಹೋಯಿತು, ಸ್ಮೋಕಿಯ ಆಯಸ್ಸೋ ಎರಡು ವರ್ಷದ ಸುತ್ತಮುತ್ತ.

ಪ್ರಯೋಗಾಲಯಕ್ಕೆ ತಂದ ಮೊಟ್ಟೆಗೆ ಅಪ್ಪನಿಲ್ಲ. ಅದರ ಕೆಲಸವನ್ನು ಗಾಳಿಗುಳ್ಳೆ ಮಾಡಬೇಕು. ಗುಳ್ಳೆ ಮೆಲ್ಲಗಾದರೆ ಮುದ್ದೆಯ ನಡುವಿನ ಮೊಟ್ಟೆಗಳಿಗೆ ಆಮ್ಲಜನಕ ಸಾಲುವುದಿಲ್ಲ, ಜೋರಾದರೆ ಮುದ್ದೆ ಬಡಿದಾಡಿ ಒಡೆಯುತ್ತದೆ. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ. ಅದನ್ನು ದಿನವೂ ಹೆಕ್ಕಿ ತೆಗೆಯದಿದ್ದರೆ ಸಾಪ್ರೊಲೆಗ್ನಿಯಾ ಎಂಬ ಹತ್ತಿಯಂಥ ಬೂಷ್ಟು ಹಿಡಿದು ಪಕ್ಕದ ಜೀವಂತ ಮೊಟ್ಟೆಗೂ ಹಬ್ಬುತ್ತದೆ. ಮರಿಗಳು ಹಳದಿ ಭಂಡಾರ ಕರಗುವವರೆಗೆ ಏನೂ ತಿನ್ನುವುದಿಲ್ಲ. ಆಮೇಲೆ ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಉಪ್ಪುನೀರಿನ ಸಣ್ಣ ಸಿಗಡಿಯ ಮರಿಗಳು, ಸ್ವಲ್ಪ ಬಲಿತ ಮೇಲೆ ಕತ್ತರಿಸಿದ ಹುಳು. ಅಡಗಲು ಹೆಂಚಿನ ಚೂರು ಕೊಡದಿದ್ದರೆ ಬೆಳಕಿಗೆ ಬೆದರಿ ಮೂಲೆಯಲ್ಲಿ ಗುಂಪುಗಟ್ಟಿ ಮೇವನ್ನೇ ಮುಟ್ಟುವುದಿಲ್ಲ.

ಸಂಜೆ ಸಾಮಾನು ಜೋಡಿಸಿಕೊಳ್ಳಿ. 5 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಬೇಕು. ಸೆಪ್ಟೆಂಬರಿನಲ್ಲೂ ಬೆಟ್ಟದ ತೊರೆ ತಣ್ಣಗಿರುತ್ತದೆ, ಈಜುವವರಿಗೆ ಅದು ಗೊತ್ತಾಗುವುದಿಲ್ಲ, ಅಲುಗಾಡದೆ ಒಂದು ಗಂಟೆ ಮಲಗಿರುವವರಿಗೆ ಹಲ್ಲು ಕಟಕಟ ಎನ್ನುತ್ತದೆ. ಮುಖವಾಡ, ಸ್ನಾರ್ಕೆಲ್, ನಿಯೋಪ್ರೀನ್ ಕೈಗವಸು, ಮೊಣಕಾಲಿಗೆ ಪಟ್ಟಿ, ರಬ್ಬರ್ ಅಟ್ಟೆಯ ಬೂಟು. ಕಾಲಿಗೆ ಹಾಕುವ ಈಜುರೆಕ್ಕೆ ಬೇಡವೇ ಬೇಡ: ಅರ್ಧ ಮೀಟರ್ ನೀರಿನಲ್ಲಿ ಅದರಿಂದ ಆಗುವುದು ಕೆಸರೆಬ್ಬಿಸುವ ಕೆಲಸವೊಂದೇ. ಟಾರ್ಚ್ ಎರಡಿರಲಿ, ಹರಡುವ ಬೆಳಕಿನವು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಫ್ಲಾಸ್ಕ್ ಬಿಸಿನೀರು. ಅದು ಯಾಕೆಂದು ಮುಂದೆ ಹೇಳುತ್ತೇವೆ.

ಎರಡನೆಯ ದಿನ: ಕೇಡ್ಸ್ ಕೋವ್, ಏಬ್ರಮ್ಸ್ ಜಲಪಾತ

ಮೇರಿವಿಲ್, ಟೌನ್‌ಸೆಂಡ್ ಮಾರ್ಗವಾಗಿ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಕೇಡ್ಸ್ ಕೋವ್ ಕಣಿವೆಗೆ. ಪ್ರವೇಶ ಶುಲ್ಕವಿಲ್ಲ, ಆದರೆ 15 ನಿಮಿಷಕ್ಕಿಂತ ಹೆಚ್ಚು ಕಾರು ನಿಲ್ಲಿಸಲು 2023ರಿಂದ ಪಾರ್ಕಿಂಗ್ ಚೀಟಿ ಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15, ವಾರದ್ದೇ ಲಾಭ. ಕಣಿವೆಯ 11 ಮೈಲಿ ಸುತ್ತುರಸ್ತೆ ಏಕಮುಖ. ಬೇಸಿಗೆಯ ಬುಧವಾರಗಳಲ್ಲಿ ಅಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಸೈಕಲ್ ಮತ್ತು ನಡಿಗೆ ಮಾತ್ರ. ಆದ್ದರಿಂದ ಎರಡನೆಯ ದಿನ ಬುಧವಾರ ಬೀಳದಂತೆ ನೋಡಿಕೊಳ್ಳಿ. ಬೇರೆ ದಿನಗಳಲ್ಲೂ ಒಂಬತ್ತರ ನಂತರ ಹೋದರೆ ಕರಡಿ ಕಂಡವರು ರಸ್ತೆ ಮಧ್ಯೆಯೇ ಕಾರು ನಿಲ್ಲಿಸಿರುತ್ತಾರೆ, ಹಿಂದಿನವರು ಕಾಯುತ್ತಾ ಕೂರಬೇಕು.

ಸುತ್ತಲಿನ ಬೆಟ್ಟಗಳ ಕಲ್ಲು ಗಡಸು, ಹಳೆಯದು. ಕಣಿವೆಯ ತಳದಲ್ಲಿ ಮಾತ್ರ ಸುಣ್ಣಕಲ್ಲು ಬಯಲಾಗಿದೆ. ಸ್ಮೋಕಿ ಬೆಟ್ಟಗಳ ಬಹುತೇಕ ತೊರೆಗಳ ನೀರು ತುಸು ಹುಳಿ, ಸಾರ ಕಡಿಮೆ. ಏಬ್ರಮ್ಸ್ ಕ್ರೀಕ್ ಈ ಸುಣ್ಣದ ನೆಲವನ್ನು ಹಾದು ಬರುವುದರಿಂದ ಅದರ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಹುಳುಹುಪ್ಪಟೆ ಹೆಚ್ಚು, ಮೀನೂ ಹೆಚ್ಚು. ಉದ್ಯಾನದ ಇಷ್ಟೊಂದು ತೊರೆಗಳಲ್ಲಿ ಮ್ಯಾಡ್‌ಟಾಮ್ ವಾಪಸ್ ತರಲು ಇದನ್ನೇ ಆರಿಸಿದ್ದಕ್ಕೆ ಒಂದು ಕಾರಣ ಅದು ಮೊದಲು ಇಲ್ಲೇ ಇತ್ತು ಎಂಬುದು, ಇನ್ನೊಂದು ಕಾರಣ ಈ ನೀರು.

ಸುತ್ತುರಸ್ತೆಯ ಪಶ್ಚಿಮ ತುದಿಯಿಂದ ಏಬ್ರಮ್ಸ್ ಜಲಪಾತಕ್ಕೆ ಹೋಗಿಬರಲು 5 ಮೈಲಿ ನಡಿಗೆ. ದುರಸ್ತಿಗೆಂದು ಈ ದಾರಿಯನ್ನು ಆಗಾಗ ಮುಚ್ಚುವುದುಂಟು, ಹೊರಡುವ ಮುನ್ನ ಉದ್ಯಾನದ ಪ್ರಕಟಣೆ ನೋಡಿ. ಜಲಪಾತದ ಎತ್ತರ 20 ಅಡಿ ಅಷ್ಟೇ, ನಮ್ಮ ಮಲೆನಾಡಿನವರು ಅದನ್ನು ಜಲಪಾತವೆಂದು ಲೆಕ್ಕಕ್ಕೇ ಹಿಡಿಯಲಿಕ್ಕಿಲ್ಲ. ನೀರು ಬೀಳುವ ಗುಂಡಿಯಲ್ಲಿ ಈಜಬೇಡಿ, ಸುಳಿ ಬಲವಾಗಿದೆ, ಜೀವಗಳು ಹೋಗಿವೆ. ಇಲ್ಲಿ ಮ್ಯಾಡ್‌ಟಾಮ್ ಹುಡುಕುವುದಕ್ಕಿಲ್ಲ. ಇದು ನೋಡಬೇಕಾದ ಜಾಗವಾಗುವುದು 1957ರಲ್ಲಿ ನಡೆದದ್ದರಿಂದ.

ಚಿಲ್ಹೋವಿ ಅಣೆಕಟ್ಟಿನ ಗೇಟು ಮುಚ್ಚುವ ಹೊತ್ತಿಗೆ, ಹೊಸ ಜಲಾಶಯಕ್ಕೆ ಸೇರುವ ಈ ತೊರೆಯನ್ನು ಟ್ರೌಟ್ ಮೀನುಗಾರಿಕೆಗೆ ಸಿದ್ಧಗೊಳಿಸಬೇಕೆಂದು ಅಧಿಕಾರಿಗಳು ನಿರ್ಧರಿಸಿದರು. ಟ್ರೌಟ್‌ಗೆ ಪೈಪೋಟಿ ಎಂದುಕೊಂಡ ‘ಕಸದ ಮೀನು’ಗಳನ್ನೆಲ್ಲ ತೆಗೆಯಲು ಜಲಪಾತದ ಕೆಳಗಿನಿಂದ ಜಲಾಶಯದವರೆಗೆ ರೊಟೆನೋನ್ ಸುರಿದರು. ಗಿಡದ ಬೇರಿನಿಂದ ತೆಗೆಯುವ ಈ ವಿಷ ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ನೀರಿನಲ್ಲಿ ಎಷ್ಟು ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನು ಹಿಡಿಯುವುದನ್ನು ಕಂಡವರಿಗೆ ಇದರ ರೀತಿ ಅರ್ಥವಾಗುತ್ತದೆ, ಪ್ರಮಾಣ ಮಾತ್ರ ಬೇರೆ. ತೇಲಿಬಂದ ಸತ್ತ ಮೀನುಗಳಲ್ಲಿ ಯಾರೂ ಅದುವರೆಗೆ ಹೆಸರಿಡದ ಒಂದು ಪುಟ್ಟ ಮೀಸೆ ಮೀನಿತ್ತು, ಇದೇ ಸ್ಮೋಕಿ. ಜಾಡಿ ಸೇರಿದ ಆ ಮಾದರಿಗಳನ್ನು ನೋಡಿ ಮತ್ಸ್ಯವಿಜ್ಞಾನಿ ವಿಲಿಯಂ ರಾಲ್ಫ್ ಟೇಲರ್ 1969ರಲ್ಲಿ ನೋಟುರಸ್ ಬೈಲಿಯೈ ಎಂದು ಹೆಸರಿಟ್ಟರು. ಹೆಸರಿಡುವ ಹೊತ್ತಿಗೆ ಅದು ಅಳಿದುಹೋಗಿದೆ ಎಂದೇ ಎಲ್ಲರೂ ನಂಬಿದ್ದರು.

ಮೂರನೆಯ ದಿನ: ಏಬ್ರಮ್ಸ್ ಕ್ರೀಕ್‌ನ ಕೆಳಭಾಗ

ಟೌನ್‌ಸೆಂಡ್‌ನಿಂದ ವಾಲಂಡ್‌ಗೆ ಬಂದು ಫುಟ್‌ಹಿಲ್ಸ್ ಪಾರ್ಕ್‌ವೇ ಹಿಡಿದರೆ 17 ಮೈಲಿ ಬೆಟ್ಟದ ಬೆನ್ನಿನ ಮೇಲಿನ ಹಾದಿ. ನಡುವೆ ಲುಕ್ ರಾಕ್ ಗೋಪುರ. ರಸ್ತೆ ಕೊನೆಯಾಗುವುದು ಚಿಲ್ಹೋವಿ ಹಿನ್ನೀರಿನ ದಡದಲ್ಲಿ, ಹೆದ್ದಾರಿ 129ಕ್ಕೆ ಸೇರುವಲ್ಲಿ. ಹ್ಯಾಪಿ ವ್ಯಾಲಿ ರಸ್ತೆಯಿಂದ ಏಬ್ರಮ್ಸ್ ಕ್ರೀಕ್ ಶಿಬಿರತಾಣಕ್ಕೆ ಹೋಗಬಹುದು. ಬರೀ 16 ಡೇರೆ ಜಾಗ, ಮೊದಲೇ ಕಾಯ್ದಿರಿಸಿಕೊಂಡಿರಬೇಕು. ಮೊಬೈಲ್ ಸಿಗ್ನಲ್ ಮರೆತುಬಿಡಿ.

ಹಿನ್ನೀರಿನ ದಡದಲ್ಲಿ ಹತ್ತು ನಿಮಿಷ ನಿಂತರೆ 1957ರ ವಿಷ ಯಾಕೆ ಅಷ್ಟು ಶಾಶ್ವತವಾಯಿತು ಎಂಬುದು ತಿಳಿಯುತ್ತದೆ. ರೊಟೆನೋನ್ ಕೆಲವು ದಿನಗಳಲ್ಲಿ ಕರಗಿಹೋಗುತ್ತದೆ. ಮಾಮೂಲಿ ನದಿಯಲ್ಲಾದರೆ ಕೆಳಗಿನಿಂದ, ಪಕ್ಕದ ತೊರೆಗಳಿಂದ ಮೀನುಗಳು ಮತ್ತೆ ಹತ್ತಿಬರುತ್ತವೆ. ಇಲ್ಲಿ ತೊರೆಯ ಬಾಯಲ್ಲೇ ಆಳವಾದ, ನಿಂತ, ತಣ್ಣನೆಯ ನೀರು. ಜಲ್ಲಿಯ ಮೇಲೆ ತೆವಳಿ ಬದುಕುವ ಮೀನು ಅದನ್ನು ದಾಟಲಾರದು. ಏಬ್ರಮ್ಸ್‌ನಲ್ಲಿದ್ದ ಮೀನುಗಳ ಹೆಚ್ಚುಕಡಿಮೆ ಅರ್ಧದಷ್ಟು ಜಾತಿಗಳು ವಾಪಸ್ ಬರಲೇ ಇಲ್ಲ. ಇಷ್ಟೆಲ್ಲ ಮಾಡಿದ್ದು ಯಾವ ಟ್ರೌಟ್‌ಗಾಗಿ? ಅಲ್ಲಿ ಬಿಡುತ್ತಿದ್ದ ರೇನ್‌ಬೋ ಟ್ರೌಟ್ ಈ ಬೆಟ್ಟಗಳದ್ದೇ ಅಲ್ಲ, ಅಮೆರಿಕದ ಪಶ್ಚಿಮ ಕರಾವಳಿಯ ಕಡೆಯದು.

1980ರಲ್ಲಿ ಸಿಟಿಕೋದಲ್ಲಿ ಸ್ಮೋಕಿ ಮ್ಯಾಡ್‌ಟಾಮ್ ಜೀವಂತ ಸಿಕ್ಕಿತು. 1984ರಲ್ಲಿ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿತು. 1986ರಿಂದ ಸಿಟಿಕೋದ ಗೂಡುಗಳ ಮೊಟ್ಟೆ ನಾಕ್ಸ್‌ವಿಲ್‌ಗೆ ಹೋಗಿ, ಅಲ್ಲಿ ಮರಿಯಾಗಿ ಬೆಳೆದು, ಈ ಶಿಬಿರತಾಣದ ಸುತ್ತಲಿನ ನೀರಿಗೆ ಬಂದವು. ಒಂದು ಸಲ ಬಿಟ್ಟರೆ ಮುಗಿಯುವ ಕೆಲಸವಲ್ಲ ಅದು. ಎರಡು ವರ್ಷದ ಆಯಸ್ಸಿನ ಮೀನನ್ನು ನೆಲೆಯೂರಿಸಬೇಕಾದರೆ ವರ್ಷಾನುಗಟ್ಟಲೆ ಪ್ರತಿ ವರ್ಷ ಬಿಡಬೇಕು, ಬಿಟ್ಟವಲ್ಲದ ಮರಿಗಳು ಕಾಣುವವರೆಗೆ ರಾತ್ರಿ ನೀರಿನಲ್ಲಿ ಮಲಗಿ ಎಣಿಸಬೇಕು. ಸ್ಮೋಕಿ, ಹಳದಿ ರೆಕ್ಕೆಯದು ಎರಡೂ ಮ್ಯಾಡ್‌ಟಾಮ್‌ಗಳು ನೆಲೆಯೂರಿದವು, ಡಾರ್ಟರ್ ಎಂಬ ತಳದ ಪುಟ್ಟ ಮೀನುಗಳಲ್ಲಿ ಒಂದು ಜಾತಿಯೂ ಉಳಿಯಿತು. ಜೊತೆಗೆ ಬಿಟ್ಟ ಸ್ಪಾಟ್‌ಫಿನ್ ಚಬ್ ಎಂಬ ಮೀನು ಮಾತ್ರ ಇಲ್ಲಿ ಹತ್ತಲಿಲ್ಲ.

ಹಗಲಿನಲ್ಲಿ ತೊರೆ ಓದುವುದನ್ನು ಇಲ್ಲೇ ಅಭ್ಯಾಸ ಮಾಡಿಕೊಳ್ಳಿ, ದಡದಿಂದಲೇ, ಪೋಲರೈಸ್ಡ್ ಕನ್ನಡಕ ಹಾಕಿಕೊಂಡು. ಹುಡುಕಬೇಕಾದದ್ದು ಮೀನನ್ನಲ್ಲ, ಕಲ್ಲನ್ನು. ಊಟದ ತಟ್ಟೆಯಷ್ಟರಿಂದ ದೊಡ್ಡ ಹರಿವಾಣದಷ್ಟು ಅಗಲದ ಚಪ್ಪಟೆ ಕಲ್ಲು, ಮಡು ಮುಗಿದು ತೆಳುಹರಿವು ಶುರುವಾಗುವ ಕಡೆ. ಅಂಚನ್ನು ಗಮನಿಸಿ. ಕಲ್ಲಿಗೂ ತಳಕ್ಕೂ ನಡುವೆ ಬೆರಳು ತೂರುವಷ್ಟು ಕಪ್ಪು ಗೆರೆ ಕಂಡರೆ ಒಳಗೆ ಜಾಗವಿದೆ. ಮರಳು, ಹೂಳು ಅಂಚಿನವರೆಗೆ ತುಂಬಿ ಆ ಗೆರೆ ಮುಚ್ಚಿಹೋಗಿದ್ದರೆ ಕಲ್ಲು ಎಷ್ಟು ಚೆನ್ನಾಗಿದ್ದರೂ ಮನೆ ಖಾಲಿ. ಮಣ್ಣು ಕೊಚ್ಚಿಬಂದ ತೊರೆಗಳಲ್ಲಿ ಮ್ಯಾಡ್‌ಟಾಮ್ ಮೊದಲು ಮಾಯವಾಗುವುದು ಹೀಗೆ. ನೀರು ಮೇಲ್ನೋಟಕ್ಕೆ ತಿಳಿಯಾಗಿರುತ್ತದೆ, ಅಡಗುವ ಸಂದುಗಳು ಮಾತ್ರ ಮುಚ್ಚಿರುತ್ತವೆ.

ಒಂದೇ ಒಂದು ಕಲ್ಲನ್ನೂ ಎತ್ತಬೇಡಿ. ಉದ್ಯಾನದಲ್ಲಿ ತೊರೆಯ ಕಲ್ಲು ಸರಿಸುವುದೇ ಅಪರಾಧ. ಮಕ್ಕಳು ಆಟಕ್ಕೆಂದು ಕಟ್ಟುವ ಕಲ್ಲಿನ ಒಡ್ಡು, ಫೋಟೊಗೆಂದು ಪೇರಿಸುವ ಕಲ್ಲಿನ ಗೋಪುರ ಎರಡೂ ಇದರಲ್ಲಿ ಸೇರಿವೆ. ಎತ್ತಿದ ಕಲ್ಲನ್ನು ‘ಮೊದಲಿದ್ದ ಹಾಗೇ’ ಇಡಲು ಯಾರಿಂದಲೂ ಆಗುವುದಿಲ್ಲ. ಕೆಳಗಿನ ಗುಳಿ ಕುಸಿದಿರುತ್ತದೆ. ಅದೇ ಕಲ್ಲಿನಡಿ ಹೆಲ್‌ಬೆಂಡರ್ ಇರಬಹುದು, ಎರಡಡಿಯವರೆಗೆ ಬೆಳೆಯುವ ಸಾಲಮ್ಯಾಂಡರ್, ಹಲ್ಲಿಯಂತೆ ಕಾಣುವ ಉಭಯಚರಿ. ಅದಕ್ಕೂ ಗೂಡು ಇಂಥ ಚಪ್ಪಡಿಯೇ, ಸೆಪ್ಟೆಂಬರ್ ಅದು ಮೊಟ್ಟೆಯಿಡುವ ಕಾಲ.

ನಾಲ್ಕನೆಯ ದಿನ: ಸಿಟಿಕೋ, ಹಗಲು ಮತ್ತು ರಾತ್ರಿ

ವೊನೋರ್ ಊರಿನಿಂದ ಸಿಟಿಕೋ ರಸ್ತೆ ಹಿಡಿಯಿರಿ. ಎಡಕ್ಕೆ ಕಾಣುವ ನೀರು ಟೆಲಿಕೋ ಜಲಾಶಯ. ಟೆನೆಸ್ಸೀ ವಿಶ್ವವಿದ್ಯಾಲಯದ ಡೇವಿಡ್ ಎಟ್ನಿಯರ್ 1973ರಲ್ಲಿ ಲಿಟ್ಲ್ ಟೆನೆಸ್ಸೀ ನದಿಯಲ್ಲಿ ಸ್ನೇಲ್ ಡಾರ್ಟರ್ ಎಂಬ ಮೀನು ಕಂಡುಹಿಡಿದು, 1978ರಲ್ಲಿ ಆ ಮೀನು ಉಳಿಯಲೆಂದು ಸುಪ್ರೀಂ ಕೋರ್ಟು ಅಣೆಕಟ್ಟಿನ ಕೆಲಸ ನಿಲ್ಲಿಸಿ, ಮರುವರ್ಷ ಸಂಸತ್ತು ವಿನಾಯಿತಿ ಕೊಟ್ಟು, 1979ರ ನವೆಂಬರಿನಲ್ಲಿ ಗೇಟು ಮುಚ್ಚಿದ್ದು ಇದೇ ಅಣೆಕಟ್ಟಿನದು. ಸಿಟಿಕೋ ತೊರೆಯ ಬಾಯಲ್ಲಿದ್ದ, ಚೆರೋಕೀ ಎಂಬ ಮೂಲನಿವಾಸಿಗಳ ಹಳೆಯ ಊರಿನ ಜಾಗ ಈಗ ಈ ನೀರಿನಡಿ. ವೊನೋರ್‌ನಲ್ಲಿ, ಚೆರೋಕೀ ಭಾಷೆಗೆ 1821ರಲ್ಲಿ ಅಕ್ಷರಮಾಲೆ ಕಟ್ಟಿದ ಸೆಕೋಯಾ ಅವರ ಸಂಗ್ರಹಾಲಯವಿದೆ. ಮ್ಯಾಡ್‌ಟಾಮ್‌ಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಗಂಟೆಯೊಂದನ್ನು ಕೊಡಿ.

ಚೆರೋಕೀ ರಾಷ್ಟ್ರೀಯ ಅರಣ್ಯದ ಗಡಿ ದಾಟಿದ ಮೇಲೆ ಜಲ್ಲಿ ರಸ್ತೆ, ತೊರೆಯ ಪಕ್ಕದಲ್ಲೇ ಹೋಗುತ್ತದೆ. ಉಳಿಯಲು ಮೇಲಿನ ಇಂಡಿಯನ್ ಬೌಂಡರಿ ಶಿಬಿರತಾಣ ಒಳ್ಳೆಯದು. ಮಧ್ಯಾಹ್ನವೇ ಇಳಿಯುವ ಜಾಗ ಆರಿಸಿಕೊಳ್ಳಿ. ಸುಮಾರು 30 ಮೀಟರ್ ಉದ್ದದ ಒಂದು ತುಣುಕು ಸಾಕು: ಕೆಳಗೆ ತೆಳುಹರಿವು, ಮೇಲೆ ಮೊಣಕಾಲುದ್ದದ ಮಡು, ದಡಕ್ಕೆ ಹತ್ತಲು ಎರಡು ಕಡೆ ದಾರಿ. ಮೇಲೆ ಎಲ್ಲಾದರೂ ಗುಡುಗು ಕೇಳಿದ್ದರೆ ಆ ರಾತ್ರಿ ಬಿಟ್ಟುಬಿಡಿ. ಇಲ್ಲಿ ಮಳೆ ಬರದಿದ್ದರೂ ತೊರೆ ಅರ್ಧ ಗಂಟೆಯಲ್ಲಿ ಏರಬಹುದು. ಟೆಲಿಕೋ ಪ್ಲೇನ್ಸ್‌ನಲ್ಲಿ ಭೂವಿಜ್ಞಾನ ಇಲಾಖೆಯ ನೀರಿನ ಮಟ್ಟದ ಮಾಪಕವಿದೆ. ಅದು ಪಕ್ಕದ ಟೆಲಿಕೋ ನದಿಯದ್ದಾದರೂ ಬೆಟ್ಟ ಒಂದೇ ಆದ್ದರಿಂದ ಒಂದು ಅಂದಾಜು ಸಿಗುತ್ತದೆ. ಊರು ಬಿಡುವ ಮೊದಲೇ ಫೋನಿನಲ್ಲಿ ನೋಡಿಕೊಳ್ಳಬೇಕು, ಕಾಡಿನೊಳಗೆ ಸಿಗ್ನಲ್ ಇಲ್ಲ.

ಒಂಬತ್ತು ಗಂಟೆಗೆ ಪೂರ್ತಿ ಕತ್ತಲು. ಇಬ್ಬರು ನೀರಿನಲ್ಲಿ, ಒಬ್ಬರು ದಡದಲ್ಲಿ. ತುಣುಕಿನ ಕೆಳತುದಿಯಿಂದ ಹೊಕ್ಕು ಹರಿವಿಗೆ ಎದುರಾಗಿ ಸಾಗಬೇಕು. ಎಬ್ಬಿಸಿದ ಕೆಸರು ಆಗ ಹಿಂದಕ್ಕೆ ಹೋಗುತ್ತದೆ. ಮೇಲಿನಿಂದ ಕೆಳಗೆ ಬಂದರೆ ನಿಮ್ಮ ಕೆಸರಿನಲ್ಲೇ ನೀವಿರುತ್ತೀರಿ. ಹೊಟ್ಟೆಯ ಮೇಲೆ ಮಲಗಿ, ಗಟ್ಟಿಯಾಗಿ ಹೂತ ದುಂಡುಕಲ್ಲುಗಳನ್ನು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದುಕೊಳ್ಳಿ. ಚಪ್ಪಡಿಯ ಮೇಲೆ ಭಾರ ಬಿಡಬೇಡಿ. ಟಾರ್ಚನ್ನು ಹಣೆಗೆ ಕಟ್ಟಿಕೊಂಡರೆ ನೀರಿನ ಕಣಗಳೆಲ್ಲ ಹೊಳೆದು ಮಂಜು ಕವಿದಂತಾಗುತ್ತದೆ. ಕೈಯಲ್ಲಿ ಹಿಡಿದು ಪಕ್ಕಕ್ಕೆ ಚಾಚಿ, ಬೆಳಕಿನ ನಡುಭಾಗದ ಬದಲು ಅಂಚು ಮೀನಿನ ಮೇಲೆ ಬೀಳುವಂತೆ ಇಡಿ. ಹತ್ತು ಮೀಟರ್ ಸಾಗಲು ಇಪ್ಪತ್ತು ನಿಮಿಷ ಹಿಡಿದರೆ ವೇಗ ಸರಿಯಾಗಿದೆ.

ಮೊದಲು ಕಣ್ಣಿಗೆ ಬೀಳುವ ತಳದ ಮೀನು ಬಹುಪಾಲು ಸ್ಕಲ್ಪಿನ್. ಹೊಸಬರು ಅದನ್ನೇ ಮ್ಯಾಡ್‌ಟಾಮ್ ಎನ್ನುತ್ತಾರೆ. ಸ್ಕಲ್ಪಿನ್‌ಗೆ ಮೀಸೆಯಿಲ್ಲ, ಎದೆಯ ಅಗಲ ರೆಕ್ಕೆಗಳನ್ನು ಊರಿ ತಲೆಯೆತ್ತಿ ಕೂತಿರುತ್ತದೆ, ಬೆಳಕು ಬಿದ್ದರೂ ಕದಲುವುದಿಲ್ಲ. ಮ್ಯಾಡ್‌ಟಾಮ್ ಕೂರುವುದು ಕಡಿಮೆ. ಮೈ ಬಳುಕಿಸುತ್ತಾ, ಎಂಟು ಮೀಸೆಗಳಲ್ಲಿ ಗಲ್ಲದ ನಾಲ್ಕನ್ನು ಜಲ್ಲಿಗೆ ತಾಗಿಸುತ್ತಾ, ಒಂದೊಂದು ಸಂದನ್ನೂ ತಡವಿಕೊಂಡು ಹೋಗುತ್ತದೆ. ಕ್ಯಾಡಿಸ್, ಮೇಫ್ಲೈ, ಸೊಳ್ಳೆಯಂಥ ಮಿಡ್ಜ್ ಹುಳುಗಳ ಮರಿ ಸಿಕ್ಕಲ್ಲಿ ತಲೆ ಒಮ್ಮೆ ಝಾಡಿಸುತ್ತದೆ. ಬೆನ್ನಿನ ಕೊನೆಯ ಮೃದು ರೆಕ್ಕೆ ಬಾಲದೊಂದಿಗೆ ಒಂದೇ ಅಂಚಾಗಿ ಕೂಡಿಕೊಂಡಿರುತ್ತದೆ. ಬುಲ್‌ಹೆಡ್ ಎಂಬ ಮೀಸೆ ಮೀನಿನ ಮರಿಯಲ್ಲಿ ಆ ರೆಕ್ಕೆ ಬೇರೆಯಾಗಿ ನಿಂತಿರುತ್ತದೆ. ಗುರುತಿಗೆ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ.

ಎರಡರಲ್ಲಿ ಯಾವುದು? ಕಂದು ಬೆನ್ನಿನ ಮೇಲೆ ಸಣ್ಣ ಮಸುಕು ಹಳದಿ ಮಚ್ಚೆಗಳಿದ್ದು, ಮೈ ತೆಳುವಾಗಿ, ಸಾಕಷ್ಟು ಹರಿವಿರುವ ಕಡೆ ಕಂಡರೆ ಸ್ಮೋಕಿ. ಬೆನ್ನಿಗೆ ಅಡ್ಡಲಾಗಿ ಗಾಢ ಪಟ್ಟೆ, ಬಾಲದ ಬುಡದಲ್ಲಿ ಕಪ್ಪು ಪಟ್ಟಿ, ಹಳದಿ ಬೆರೆತ ರೆಕ್ಕೆಗಳಿದ್ದು, ನಿಧಾನ ನೀರಿನಲ್ಲಿ, ಎಲೆರಾಶಿ ಅಥವಾ ಬೇರಿನ ಹತ್ತಿರ ಕಂಡರೆ ಹಳದಿ ರೆಕ್ಕೆಯದು. ಕಂಡ ಮೇಲೆ ಬೆಳಕನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಅದರ ಮೇಲೆ ಇಡಬೇಡಿ. ಬೆದರಿದರೆ ಹತ್ತಿರದ ಕಲ್ಲಿನಡಿ ನುಸುಳುತ್ತದೆ, ಬಾಲದ ತುದಿ ಒಂದು ಕ್ಷಣ ಹೊರಗೆ ಉಳಿದು ಅದೂ ಒಳಗೆ ಹೋಗುತ್ತದೆ. ಹಿಂಬಾಲಿಸುವುದು, ಕಲ್ಲು ಅಲುಗಿಸುವುದು ಕಾನೂನಿನ ಪ್ರಕಾರ ಕಿರುಕುಳ.

ಇನ್ನು ಬಿಸಿನೀರಿನ ವಿಚಾರ. ಎದೆಯ ರೆಕ್ಕೆಗಳ ಮತ್ತು ಬೆನ್ನಿನ ಮುಳ್ಳಿಗೆ ವಿಷದ ಕೋಶಗಳಿರುವ ತೊಗಲಿನ ಹೊದಿಕೆಯಿದೆ. ಮುಟ್ಟಬಾರದ ಮೀನನ್ನು ಮುಟ್ಟುವ ಪ್ರಶ್ನೆಯೇ ಇಲ್ಲ, ಆದರೆ ಜಲ್ಲಿಯಲ್ಲಿ ಬೆರಳೂರುವಾಗ ಅಕಸ್ಮಾತ್ ಚುಚ್ಚುವುದುಂಟು. ಜೇನು ಕಚ್ಚಿದಂಥ ನೋವು, ಊತ. ನಮ್ಮ ಕೆರೆಗಳ ಚೇಳು ಮೀನಿನ ಚುಚ್ಚುವಿಕೆಯಷ್ಟು ಭಯಂಕರವಲ್ಲ, ಉಪಾಯ ಮಾತ್ರ ಎರಡಕ್ಕೂ ಒಂದೇ: ಮುಳ್ಳಿನ ಚೂರು ತೆಗೆದು, ಸೈರಿಸುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ದಾಟದಂತೆ, ಅರ್ಧದಿಂದ ಒಂದೂವರೆ ಗಂಟೆ ಅದ್ದಿಡುವುದು. ಈ ವಿಷ ಪ್ರೋಟೀನ್, ಶಾಖಕ್ಕೆ ಕೆಡುತ್ತದೆ. ಮಂಜುಗಡ್ಡೆ ಇಟ್ಟರೆ ಉಪಯೋಗವಿಲ್ಲ.

ಐದನೆಯ ದಿನ: ಸ್ಕೈವೇ ಮತ್ತು ಟೆಲಿಕೋ ನದಿ

ತಡವಾಗಿ ಎದ್ದು ಚೆರೊಹಾಲಾ ಸ್ಕೈವೇ ಮೇಲೆ ಸ್ವಲ್ಪ ದೂರ ಹೋಗಿಬನ್ನಿ. ಟೆಲಿಕೋ ಪ್ಲೇನ್ಸ್‌ನಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಬೇಕು, ಮೇಲೆ ಪೆಟ್ರೋಲ್ ಬಂಕ್ ಇಲ್ಲ. 1996ರಲ್ಲಿ ತೆರೆದ ಈ ಸುಂದರ ರಸ್ತೆಯನ್ನು ಕಡಿಯುವಾಗ ಅನಾಕೀಸ್ಟಾ ಎಂಬ ಕಲ್ಲಿನ ಪದರ ಹೊರಬಿತ್ತು. ಅದರಲ್ಲಿ ಪೈರೈಟ್ ಎಂಬ ಗಂಧಕದ ಖನಿಜವಿದೆ. ಗಾಳಿ, ಮಳೆ ತಾಗಿದರೆ ಗಂಧಕಾಮ್ಲವಾಗಿ ಹರಿಯುತ್ತದೆ. ಸಿಟಿಕೋದ ನೆತ್ತಿಯ ಕೆಲವು ಸಣ್ಣ ತೊರೆಗಳು ಅದರಿಂದ ಕೆಟ್ಟವು. ಇಡೀ ಜಾತಿಯ ಸಹಜ ನೆಲೆ ಒಂದೇ ತೊರೆಯಲ್ಲಿದ್ದಾಗ ಒಂದು ರಸ್ತೆ ಕಡಿತ, ಒಂದು ಟ್ಯಾಂಕರ್ ಅಪಘಾತ ಸಾಕು.

ಆ ಭಯಕ್ಕೇ ಟೆಲಿಕೋ ನದಿಯಲ್ಲಿ ಮೂರನೆಯ ನೆಲೆ ಕಟ್ಟಲು ಹೊರಟಿದ್ದು. 2002ರ ಕೇಂದ್ರ ನಿಯಮದಲ್ಲಿ ಇಲ್ಲಿನ ಮೀನುಗಳನ್ನು ‘ಪ್ರಾಯೋಗಿಕ’ ಎಂದು ವರ್ಗೀಕರಿಸಿದರು. ಅಂದರೆ ಸ್ಥಳೀಯರು ಟ್ರೌಟ್ ಹಿಡಿಯುವುದಕ್ಕೆ, ಈಜುವುದಕ್ಕೆ ಮೀನಿನ ನೆಪದಲ್ಲಿ ಅಡ್ಡಿಯಾಗುವುದಿಲ್ಲ ಎಂಬ ಭರವಸೆ. ಅದಿಲ್ಲದಿದ್ದರೆ ಊರಿನವರು ಒಪ್ಪುತ್ತಿದ್ದರೋ ಇಲ್ಲವೋ. ಟೆಲಿಕೋದ ಮೇಲ್ಭಾಗ ಉತ್ತರ ಕೆರೊಲಿನಾದಲ್ಲಿದೆ. ಅಲ್ಲಿ ಜೀಪುಗಳು ಬೆಟ್ಟ ಹತ್ತುವ ಹಾದಿಗಳಿಂದ ಇಳಿಯುತ್ತಿದ್ದ ಮಣ್ಣು ಈ ನದಿಯ ದೊಡ್ಡ ಪೀಡೆಯಾಗಿತ್ತು, 2009ರಲ್ಲಿ ಅವನ್ನು ಮುಚ್ಚಿದ ಮೇಲೆ ಹೂಳು ಇಳಿಮುಖ. ಬಾಲ್ಡ್ ರಿವರ್ ಜಲಪಾತ ರಸ್ತೆ ಪಕ್ಕದಲ್ಲೇ ಇದೆ, ನೋಡಿಕೊಂಡು ಬನ್ನಿ.

ಎಲ್ಲ ಮ್ಯಾಡ್‌ಟಾಮ್‌ಗಳ ಕಥೆ ಹೀಗೆ ಸುಧಾರಿಸಿಲ್ಲ. ಒಹಾಯೋದ ಬಿಗ್ ಡಾರ್ಬಿ ಕ್ರೀಕ್‌ನ ಸಯೋಟೊ ಮ್ಯಾಡ್‌ಟಾಮ್ ಒಟ್ಟು 18 ಸಿಕ್ಕಿದ್ದವು, ಕೊನೆಯದು 1957ರಲ್ಲಿ, ಅಂದರೆ ಏಬ್ರಮ್ಸ್‌ಗೆ ವಿಷ ಸುರಿದ ವರ್ಷವೇ. 2023ರಲ್ಲಿ ಅದನ್ನು ಅಳಿದುಹೋಗಿದೆ ಎಂದು ಘೋಷಿಸಿ ಪಟ್ಟಿಯಿಂದ ತೆಗೆದರು. ಇನ್ನೊಂದು ತುದಿಯಲ್ಲಿ ಟ್ಯಾಡ್‌ಪೋಲ್ ಮ್ಯಾಡ್‌ಟಾಮ್ ಇದೆ. ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಅದನ್ನು ‘ವಿಲ್ಲೋ ಕ್ಯಾಟ್’ ಎಂದು ಕರೆದು ವಾಲೈ ಮೀನಿಗೆ ಗಾಳದ ಎರೆಯಾಗಿ ಮಾರುತ್ತಾರೆ. ಈ ಗುಂಪಿನ ಬಹಳ ಜಾತಿಗಳು ಏಕೆ ಇಷ್ಟು ಬೇಗ ಸೊರಗುತ್ತವೆ ಎಂಬುದಕ್ಕೆ ಎಟ್ನಿಯರ್ ಮತ್ತು ಜೆಂಕಿನ್ಸ್ 1980ರಲ್ಲಿ ಒಂದು ಊಹೆ ಮುಂದಿಟ್ಟರು: ರಾತ್ರಿ ಮೂಗು, ಮೀಸೆಗಳನ್ನೇ ನಂಬಿ ಬದುಕುವ ಮೀನಿಗೆ ನೀರಿಗೆ ಸೇರುವ ರಾಸಾಯನಿಕಗಳು ವಾಸನೆಯ ಗದ್ದಲವಾಗಿ, ಮೇವು, ಸಂಗಾತಿ ಎರಡೂ ಸಿಗದಂತೆ ಮಾಡುತ್ತವೆ. ಸಾಬೀತಾದದ್ದಲ್ಲ, ಆದರೆ ಹೂಳಿಲ್ಲದ ತೊರೆಗಳಲ್ಲೂ ಇವು ಕಾಣೆಯಾಗುವುದಕ್ಕೆ ಇದಕ್ಕಿಂತ ಒಪ್ಪುವಂಥ ವಿವರಣೆ ನಮಗೆ ಸಿಕ್ಕಿಲ್ಲ.

ಸಂಜೆ ಸಾಮಾನು ತೊಳೆಯುವ ಕೆಲಸ. ನಾಳೆಯದು ಬೇರೆಯೇ ನದೀಕೊಳ್ಳ. ವೆಟ್‌ಸೂಟ್, ಬೂಟು, ಮುಖವಾಡಗಳನ್ನು ಬಿಸಿನೀರಿಗೆ ಸಾಬೂನು ಹಾಕಿ ತಿಕ್ಕಿ, ಪೂರ್ತಿ ಒಣಗಿಸಬೇಕು. ಒಣಗದ ಬೂಟಿನ ಹೊಲಿಗೆಯೊಳಗೆ ಡಿಡಿಮೊ ಪಾಚಿ ಜೀವಂತ ಉಳಿಯುತ್ತದೆ. ಒಂದೇ ರಾತ್ರಿಯಲ್ಲಿ ಒಣಗುವುದಿಲ್ಲ ಎನಿಸಿದರೆ ಎರಡನೆಯ ಜೊತೆ ಬೂಟು ತಂದಿರಬೇಕು.

ಆರನೆಯ ದಿನ: ಕೊನಸಾಗ

ಟೆಲಿಕೋ ಪ್ಲೇನ್ಸ್‌ನಿಂದ ದಕ್ಷಿಣಕ್ಕೆ ಹೋಗಿ ಪೋಕ್ ಕೌಂಟಿಯಲ್ಲಿ ಕೊನಸಾಗ ನದಿ ತಲುಪಿದರೆ ಅರಣ್ಯ ಇಲಾಖೆಯೇ ಗುರುತಿಸಿದ ಸ್ನಾರ್ಕೆಲ್ ಜಾಗವಿದೆ. ಹಿಂದಿನ ದಿನಗಳ ನೀರೆಲ್ಲ ಟೆನೆಸ್ಸೀ ನದಿಗೆ ಸೇರುವುದಾದರೆ, ಇದು ಜಾರ್ಜಿಯಾ, ಅಲಬಾಮಾ ಸುತ್ತಿ ಮೊಬೀಲ್ ಕೊಲ್ಲಿಗೆ ಹೋಗುತ್ತದೆ. ನಡುವೆ ಬೆಟ್ಟದ ಒಂದು ಏಣು ಅಷ್ಟೇ, ಮೀನುಗಳು ಮಾತ್ರ ಬೇರೆ. ಮ್ಯಾಡ್‌ಟಾಮ್‌ಗಳೂ ಬೇರೆ: ಚುಕ್ಕೆಯ ಸ್ಪೆಕಲ್ಡ್ ಮ್ಯಾಡ್‌ಟಾಮ್ ಇದೆ, ಅದೃಷ್ಟವಿದ್ದರೆ ಫ್ರೆಕಲ್‌ಬೆಲ್ಲಿ. ಫ್ರೆಕಲ್‌ಬೆಲ್ಲಿಯ ಮೇಲಿನ ಕೂಸಾ ಕೊಳ್ಳದ ಸಂತತಿಯನ್ನು 2023ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಹಗಲಿನ ನೋಟಕ್ಕೂ ಈ ಜಾಗ ತಕ್ಕದ್ದು, ಬಣ್ಣಬಣ್ಣದ ಶೈನರ್, ಡಾರ್ಟರ್‌ಗಳು ಮುಖವಾಡದ ಮುಂದೆಯೇ ಸುಳಿದಾಡುತ್ತವೆ.

ಈ ಜಾತಿಗಳಿರುವ ನದಿಗಳಲ್ಲಿ ನದಿ ಸ್ವಚ್ಛತಾ ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಚಪ್ಪಡಿ ಕಲ್ಲು ಕಡಿಮೆಯಿರುವ ಕಡೆ ಮ್ಯಾಡ್‌ಟಾಮ್‌ಗಳು ಖಾಲಿ ಸೋಡಾ ಡಬ್ಬಿ, ಬಾಟಲಿಯೊಳಗೂ ಗೂಡು ಮಾಡುತ್ತವೆ. ಬಾಯಿ ಸಣ್ಣದು, ಒಳಗೆ ಕತ್ತಲು, ಕಾಯಲು ಸುಲಭ. ಮೇಯಿಂದ ಆಗಸ್ಟ್‌ವರೆಗೆ ತಳದಲ್ಲಿ ಸಿಕ್ಕ ಡಬ್ಬಿಯನ್ನು ನೀರಿನೊಳಗೇ ಇಟ್ಟು ಬಾಯಿಂದ ಬೆಳಕು ಬಿಟ್ಟು ನೋಡಿ. ಹಳದಿ ಮೊಟ್ಟೆಯ ಮುದ್ದೆ ಅಥವಾ ದಪ್ಪ ತಲೆಯ ಗಂಡು ಕಂಡರೆ ಇದ್ದಲ್ಲೇ ಬಿಟ್ಟು, ಶರತ್ಕಾಲದಲ್ಲಿ ಬಂದು ಎತ್ತಿ. ಅಧ್ಯಯನಕಾರರು ಇದೇ ಗುಣ ನೋಡಿ ಮಣ್ಣಿನ ಹೆಂಚನ್ನು ಕೃತಕ ಗೂಡಾಗಿ ತಳದಲ್ಲಿ ಇಟ್ಟು ಎಣಿಸುತ್ತಾರೆ, ಅದಕ್ಕೆ ಪರವಾನಗಿ ಬೇಕು.

ಚಟನೂಗ ಇಲ್ಲಿಂದ ಒಂದೂವರೆ ಗಂಟೆಯೊಳಗೆ. ರಾತ್ರಿಯ ವಿಮಾನವಿದ್ದರೆ ಅಟ್ಲಾಂಟಾಕ್ಕೆ ಅಲ್ಲಿಂದ ಇನ್ನೆರಡು ಗಂಟೆ, ಸಂಜೆಯ ವಾಹನದಟ್ಟಣೆಗೆ ಮತ್ತೊಂದು ಗಂಟೆ ಸೇರಿಸಿಕೊಳ್ಳಿ. ಸಿಟಿಕೋದಲ್ಲಿ ತೆಗೆದ ಚಿತ್ರಗಳನ್ನು ಎಲ್ಲಾದರೂ ಹಾಕುವ ಮುನ್ನ ಫೋನು ಸೇರಿಸಿರುವ ಸ್ಥಳದ ಗುರುತನ್ನು ಅಳಿಸಿ. ತೊರೆಯ ಹೆಸರು ಹೇಳಿದರೆ ತೊಂದರೆಯಿಲ್ಲ, ಅದು ಎಲ್ಲರಿಗೂ ಗೊತ್ತು. ಯಾವ ಮಡು, ಯಾವ ಕಲ್ಲು ಎಂಬುದನ್ನು ಹೇಳಬೇಡಿ.